ಡ್ರಮ್ಮಿನೊಳಗಿನ ಖಾಲಿ ಬೂಟು

ಇವ್ರೋಜ್ ಹದಿನೇಳನೇ ಡ್ರಮ್ಮಿನ ಮುಚ್ಚಳ ತೆಗೆದದ್ದು ಐಸ್ ಬದಲಾಯಿಸಲು. ತೆಗೆದು ನೋಡಿದರೆ ಐಸ್ ಇಲ್ಲ. ಐಸ್ ಇಟ್ಟಿದ್ದ ತಂಪು ಪೆಟ್ಟಿಗೆಯೂ ಇಲ್ಲ.

ಇದ್ದದ್ದು ಒಂದು ಅಕ್ಕಿ ಮೂಟೆ, ಅದಕ್ಕೆ ಒತ್ತಿಕೊಂಡು ಹತ್ತಾರು ಸೋಪು, ಒಂದಷ್ಟು ಹಳೆ ಬಟ್ಟೆ, ಎಲ್ಲದರ ಮೇಲೆ ಒಂದು ಜೊತೆ ಕಪ್ಪು ಬೂಟು.

ಅವಳು ಮುಚ್ಚಳ ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಮಾಂಟ್ರಿಯಲ್‌ನ ಆಸ್ಪತ್ರೆಗಳಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು. ರಕ್ತ ಕಂಡು ಒಂದು ದಿನವೂ ಕುಸಿದವಳಲ್ಲ.

"ಮಿರ್ಲಾಂದ್, ನಾನು ಕೂಡಿಸಿದ್ದ ಔಷಧಿ ಎಲ್ಲೇ?"

ಮಿರ್ಲಾಂದ್ ಆಗಷ್ಟೇ ಮೈಕು, ರೆಕಾರ್ಡರು ಹೊತ್ತು ಚರ್ಚಿನ ಹಾಲ್‌ಗೆ ಕಾಲಿಟ್ಟಿದ್ದಳು. ಮಾಂಟ್ರಿಯಲ್‌ನ ಹೈಟಿ ಜನರ ಪುಟ್ಟ ರೇಡಿಯೋಗೆ ಇರುವ ಒಬ್ಬಳೇ ವರದಿಗಾರ್ತಿ ಅವಳು. ವಯಸ್ಸು ಐವತ್ತು, ಮೂಗು ಚೂಪು. ಆ ಮೂಗನ್ನು ಎಲ್ಲ ಕಡೆ ತೂರಿಸುತ್ತಾಳೆಂದು ಜನ ಬೈಯುತ್ತಾರೆ. ಬೈದವರೇ ಮರುದಿನ ಸುದ್ದಿ ಕೇಳಲು ರೇಡಿಯೋ ಹಾಕುತ್ತಾರೆ.

ಹೈಟಿಯ ದಕ್ಷಿಣದಲ್ಲಿ, ಲೆ ಕಾಯ್ ಪಟ್ಟಣದ ಸುತ್ತ, ಭೂಮಿ ನಡುಗಿ ಅಂದಿಗೆ ಏಳು ದಿನ. ಏಳೇ ದಿನದಲ್ಲಿ ಹಾಲ್ ತುಂಬ ನಲವತ್ತೆರಡು ನೀಲಿ ಡ್ರಮ್ಮುಗಳು ತುಂಬಿ ನಿಂತಿದ್ದವು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಅಲ್ಲಿನ ಒಂದೊಂದು ಮನೆಯ ಹೆಸರು. ಹದಿನೇಳರ ಮೇಲೆ ಮಾತ್ರ 'ಆಸ್ಪತ್ರೆ, ಲೆ ಕಾಯ್' ಎಂದಷ್ಟೇ ಇತ್ತು. ಮೂಳೆ ಕೂಡಿಸುವ ಉಕ್ಕಿನ ಪಿನ್ನುಗಳು, ಆಂಟಿಬಯೋಟಿಕ್ಕುಗಳು, ತಂಪು ಪೆಟ್ಟಿಗೆಯಲ್ಲಿ ಧನುರ್ವಾಯುವಿನ ಇಂಜೆಕ್ಷನ್. ಇವ್ರೋಜ್ ಆರು ಆಸ್ಪತ್ರೆಗಳ ಬಾಗಿಲು ತಟ್ಟಿ, ಡಾಕ್ಟರುಗಳ ಬೆನ್ನು ಬಿದ್ದು ಕೂಡಿಸಿದ್ದಳು.

ಮಧ್ಯಾಹ್ನ ಎರಡಕ್ಕೆ ಲಾರಿ. ಸಂಜೆ ಸರಕು ವಿಮಾನ. ಪುಣ್ಯಾತ್ಮರು ಪುಕ್ಕಟೆ ಕೊಟ್ಟ ಜಾಗ ಅದು. ಇನ್ನೊಮ್ಮೆ ಸಿಗುವಂಥದ್ದಲ್ಲ. ಅಂದು ಶನಿವಾರ, ಈಗ ಗಂಟೆ ಹತ್ತಾಗಿತ್ತು.

"ನಿನ್ನ ತಮ್ಮ ಏನಂದಿದ್ದ?" ಮಿರ್ಲಾಂದ್ ಕೇಳಿದಳು. ಇವ್ರೋಜಳ ತಮ್ಮ ಲೆ ಕಾಯ್‌ನಲ್ಲಿ ಡಾಕ್ಟರ್. ಆಸ್ಪತ್ರೆ ಬಿರುಕು ಬಿಟ್ಟು, ಅಂಗಳದಲ್ಲಿ ಟಾರ್ಪಾಲಿನಡಿ ರೋಗಿಗಳನ್ನು ನೋಡುತ್ತಿದ್ದ.

"ಒಂಬತ್ತು ವರ್ಷದ ಮಗು ಇದೆಯಂತೆ. ಸೋಮವಾರದೊಳಗೆ ಪಿನ್ ಬರ್ಲಿಲ್ಲ ಅಂದ್ರೆ ಕಾಲು ತೆಗೀಲೇಬೇಕು ಅಂದ."

*

ಹಾಲ್‌ನಲ್ಲಿ ಇಪ್ಪತ್ತು ಜನ ಸೇರಿದರು. ಇಪ್ಪತ್ತು ಬಾಯಿ ಒಟ್ಟಿಗೆ ತೆರೆದವು.

ಹಾಲ್‌ನ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಬಳಿ. ಒಂದು ಇವ್ರೋಜಳದು. ಒಂದು ಪರಿಹಾರ ಸಮಿತಿಯ ಅಧ್ಯಕ್ಷ, ವಕೀಲ ಓಗುಸ್ತ್ ಪ್ಲಾಸಿದ್‌ರದು. ಇನ್ನೊಂದು ಲಾರಿ ಓಡಿಸುವ ವಿಲ್ನೇರ್‌ನದು.

ವಿಲ್ನೇರ್ ಹನ್ನೆರಡು ವರ್ಷದ ಹಿಂದೆ ಕದ್ದ ಟೈರು ಮಾರಿ ಜೈಲು ಕಂಡವನು. ಅಲ್ಲಿಂದೀಚೆಗೆ ಒಂದು ಮೊಳೆಯನ್ನೂ ಮುಟ್ಟಿಲ್ಲ. ಆದರೆ ಜನರಿಗೆ ನೆನಪಿರುವುದು ಟೈರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಎಲ್ಲೂ ಬರವಿಲ್ಲ.

"ನಿನ್ನೆ ಕೊನೇಲಿ ಬೀಗ ಹಾಕಿದ್ದು ಯಾರು?" ಗುಂಪಿನಲ್ಲಿ ಯಾರೋ ಕೇಳಿದರು.

"ನಾನೇ. ಏಳೂವರೆಗೆ," ಅಂದ ವಿಲ್ನೇರ್.

"ಆಮೇಲೆ?"

"ಆಮೇಲೆ ಮನೆಗೆ ಹೋದೆ. ಮಲಗಿದೆ. ಕಳ್ಳನಿಗೂ ನಿದ್ದೆ ಬರುತ್ತಲ್ವಾ."

ಯಾರೋ ಅವನ ವ್ಯಾನಿನ ಬಾಗಿಲು ತೆಗೆದೇಬಿಟ್ಟರು. ಹಿಂದಿನ ಸೀಟಿನಡಿ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಬ್ಯಾಂಡೇಜ್ ಸುರುಳಿ, ಹತ್ತಿ, ಗಾಯದ ಮುಲಾಮು. ಜನ ವಿಲ್ನೇರ್‌ನಿಂದ ಒಂದು ಹೆಜ್ಜೆ ಹಿಂದೆ ಸರಿದರು.

ವಕೀಲ ಪ್ಲಾಸಿದ್ ಮುಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೂಕದ ಮಾತು. ನವೆಂಬರ್‌ನಲ್ಲಿ ನಗರಸಭೆ ಚುನಾವಣೆಗೆ ನಿಲ್ಲುವವರು.

"ನನಗೂ ಸಂಕಟ ಆಗುತ್ತೆ, ತಮ್ಮಾ. ಆದ್ರೆ ಪೊಲೀಸರಿಗೆ ಹೇಳ್ಲೇಬೇಕು. ಇವ್ರೋಜಮ್ಮ, ನೀವು ಎದೆಗುಂದಬೇಡಿ. ಮುಂದಿನ ಶುಕ್ರವಾರ ನಾನೇ ಲೆ ಕಾಯ್‌ಗೆ ಹೋಗ್ತಿದ್ದೀನಿ. ಏನು ಸಿಗುತ್ತೋ ಕೈಯಾರೆ ಮುಟ್ಟಿಸ್ತೀನಿ."

"ಶುಕ್ರವಾರಕ್ಕೆ ಆ ಮಗು ಕಾಲು ಇರಲ್ಲ," ಅಂದಳು ಇವ್ರೋಜ್.

ಮಿರ್ಲಾಂದ್ ಬ್ಯಾಂಡೇಜ್ ಸುರುಳಿಯೊಂದನ್ನು ತಿರುಗಿಸಿ ನೋಡಿದಳು. ಬೀದಿ ಕೊನೆಯ ಔಷಧಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಇದು ಆಸ್ಪತ್ರೆ ಮಾಲಲ್ಲ. ಅಂಗಡೀಲಿ ಕೊಂಡಿದ್ದು. ಯಾರಿಗೆ, ವಿಲ್ನೇರ್?"

"ನಮ್ಮಕ್ಕನಿಗೆ. ಗೋಡೆ ಬಿದ್ದು ಕೈ ಜಜ್ಜಿದೆ. ನನ್ನ ಡ್ರಮ್ಮಲ್ಲಿ ಜಾಗ ಸಾಲ್ಲಿಲ್ಲ. ಯಾರದಾದ್ರೂ ಡ್ರಮ್ಮಲ್ಲಿ ಸೇರಿಸಿ ಅಂತ ಇವತ್ತು ಕೇಳೋಣ ಅಂತಿದ್ದೆ." ಅವನು ಸುತ್ತ ನೋಡಿದ. "ಇನ್ನು ಕೇಳಲ್ಲ ಬಿಡಿ."

ಮಿರ್ಲಾಂದ್ ಸುರುಳಿಯನ್ನು ಪೆಟ್ಟಿಗೆಗೆ ಹಾಕಿ ತಿರುಗಿದಳು.

"ವಕೀಲ್ರೇ, ಪೊಲೀಸರನ್ನ ಒಂದು ಗಂಟೆಗೆ ಕರೆಯಿರಿ," ಅಂದಳು. "ಅಲ್ಲೀವರೆಗೆ ನನಗೆ ಬಿಡಿ."

"ನೀನು ರೇಡಿಯೋದವಳಮ್ಮ. ಪತ್ತೇದಾರಳಲ್ಲ."

"ಎರಡೂ ಒಂದೇ ಕೆಲಸ. ಅವರಿಗೆ ಸಂಬಳ ಜಾಸ್ತಿ."

*

ಜನ ಹೊರಗೆ ಹೋದ ಮೇಲೆ ಮಿರ್ಲಾಂದ್ ಹದಿನೇಳರ ಮುಂದೆ ಮಂಡಿಯೂರಿದಳು. ಕೋವಿಡ್ ಮಾಸ್ಕ್ ಕೆಳಗೆಳೆದಳು. ಅಕ್ಕಿ ಮೂಟೆಗೆ ಮೂಗು ಹಚ್ಚಿದಳು.

ನಿಂಬೆ ಸೋಪಿನ ಘಾಟು. ಒಂದೇ ರಾತ್ರಿಗೆ ಅಕ್ಕಿಯೊಳಕ್ಕೆ ಇಳಿದಿತ್ತು.

ಅವಳಿಗೆ ಅಮ್ಮ ನೆನಪಾದಳು. ವರ್ಷಕ್ಕೆರಡು ಡ್ರಮ್ ಹೈಟಿಯ ಊರಿಗೆ ಕಳಿಸುತ್ತಿದ್ದ ಅಮ್ಮ. ಒಮ್ಮೆ ಎಂಟು ವರ್ಷದ ಮಿರ್ಲಾಂದ್ ಸೋಪನ್ನು ಅಕ್ಕಿ ಪಕ್ಕ ಇಟ್ಟಾಗ ತಲೆ ಮೇಲೆ ಮೊಟಕಿದ್ದಳು. ಆ ಅಕ್ಕಿ ಉಂಡವರು ಮೂರು ತಿಂಗಳು ಸೋಪು ತೇಗುತ್ತಾರೆ ಎಂದಿದ್ದಳು. ಆಮೇಲೆ ಬೂಟುಗಳನ್ನು ಮುಂದಿಟ್ಟು, 'ತುಂಬು' ಎಂದಿದ್ದಳು. ಬೂಟಿನೊಳಗೆ ಸ್ಪಗೆಟಿ ಪೊಟ್ಟಣ, ಸಾರಿನ ಬಿಲ್ಲೆ, ಬೆಳ್ಳುಳ್ಳಿ. ಬಕೆಟ್ಟಿನೊಳಗೆ ಒಳ ಅಂಗಿ. ಪಾತ್ರೆಯೊಳಗೆ ಕಾಳು. ಡ್ರಮ್ಮಿನಲ್ಲಿ ಬೆರಳಷ್ಟು ಜಾಗ ಖಾಲಿ ಬಿಟ್ಟರೆ ಊರಿನಲ್ಲಿ ಒಂದು ಬಾಯಿ ಖಾಲಿ.

ಅವಳು ಕಪ್ಪು ಬೂಟಿನೊಳಗೆ ಕೈ ಹಾಕಿದಳು. ಹೊರಗೆ ಪಾಲಿಶು, ಒಳಗೆ ಗಾಳಿ.

"ಅಕ್ಕ," ಎಂದು ಇವ್ರೋಜಳನ್ನು ಕರೆದಳು. "ವಿಲ್ನೇರ್ ಡ್ರಮ್ ಯಾವುದು?"

ಮೂವತ್ತೊಂದು. ವಿಲ್ನೇರ್ ಕೈಕಟ್ಟಿ ನಿಂತು ನೋಡಿದ. ಮುಚ್ಚಳ ತೆಗೆದರೆ ಒಳಗೆ ಸೂಜಿ ಇಳಿಯದು. ಅವನ ಅಕ್ಕನ ಗಂಡನ ಚಪ್ಪಲಿ, ಬೂಟು ಎಲ್ಲದರಲ್ಲೂ ಸಾರಿನ ಬಿಲ್ಲೆ, ಉಪ್ಪುಮೀನಿನ ಪೊಟ್ಟಣ. ಎಣ್ಣೆ ಬಾಟಲಿಗಳ ಬಾಯಿಗೆ ಟೇಪು. ಸೋಪು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತಳದಲ್ಲಿ ಟವೆಲ್ಲುಗಳ ನಡುವೆ. ಅಕ್ಕಿ ಅದರಿಂದ ಮೊಳ ದೂರ.

ಮಿರ್ಲಾಂದ್ ಮುಚ್ಚಳ ಹಾಕಿದಳು. "ತುಂಬೋದು ಯಾರು ಕಲಿಸಿದ್ರು?"

"ಅಮ್ಮ. ಬೆತ್ತ ಹಿಡ್ಕೊಂಡು."

ಇವ್ರೋಜ್ ಮೊದಲ ಸಲ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮೂರು ಬೀಗದ ಕೈ. ಒಂದು ಅವಳದೇ. ಒಂದು ಈ ವಿಲ್ನೇರ್‌ನದು.

"ಮಿರ್ಲಾಂದ್, ವಕೀಲ್ರಲ್ಲ ಬಿಡು. ಮೂವತ್ತು ವರ್ಷದಿಂದ ಡ್ರಮ್ ಕಳಿಸ್ತಿದ್ದೀನಿ ಅಂತ ಪ್ರತಿ ಭಾಷಣದಲ್ಲೂ ಹೇಳ್ತಾರೆ."

"ಹೇಳ್ತಾರೆ," ಅಂದಳು ಮಿರ್ಲಾಂದ್. "ಬಾಯಲ್ಲಿ ಹೇಳೋದನ್ನ ಕೈಯಲ್ಲಿ ಕೇಳೋಣ."

*

ಹನ್ನೆರಡೂವರೆಗೆ ಹಾಲ್ ಮತ್ತೆ ತುಂಬಿತು. ನಡುವೆ ಒಂದು ಖಾಲಿ ಡ್ರಮ್. ಪಕ್ಕದ ಮೇಜಿನ ಮೇಲೆ ಅಕ್ಕಿ, ಸೋಪು, ಬಟ್ಟೆ, ಎಣ್ಣೆ, ಸ್ಪಗೆಟಿ, ಎರಡು ಜೊತೆ ಬೂಟು.

"ವಕೀಲ್ರೇ, ಔಷಧಿ ಹೋಯ್ತು. ಹೋಗಿದ್ದಕ್ಕೆ ಏನ್ ಮಾಡೋದು. ಆ ಜಾಗದಲ್ಲಿ ಇನ್ನೊಂದು ಮನೆಗಾದ್ರೂ ಡ್ರಮ್ ಹೋಗ್ಲಿ. ನೀವೇ ತುಂಬಿ. ರೇಡಿಯೋಗೆ ವರದಿ ಮಾಡ್ತೀನಿ. ಅಧ್ಯಕ್ಷರು ತಮ್ಮ ಕೈಯಾರೆ ತುಂಬಿದ ಡ್ರಮ್ ಅಂತ."

ಕೈಯಾರೆ ಅನ್ನುವ ಮಾತು ಕೇಳಿ ವಕೀಲರ ಮುಖ ಅರಳಿತು. ಅಂಗಿಯ ತೋಳು ಮಡಚಿದರು. ಮೈಕಿನ ಕಡೆ ನೋಡುತ್ತ ಕೆಲಸಕ್ಕಿಳಿದರು.

ಅಕ್ಕಿ ಮೂಟೆ ಇಟ್ಟರು. ಅದರ ಪಕ್ಕದ ಸಂದಿಗೆ ಸೋಪುಗಳನ್ನು ಸುರಿದರು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು 'ಅಯ್ಯೋ' ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಬಟ್ಟೆ ಹಾಕಿದರು. ಕೊನೆಗೆ ಬೂಟು, ಅಂಗಡಿಯ ಕಪಾಟಿನಲ್ಲಿ ಜೋಡಿಸಿದ ಹಾಗೆ ಸಾಲಾಗಿ. ಸ್ಪಗೆಟಿ ಮೇಜಿನ ಮೇಲೇ ಉಳಿಯಿತು.

ಹೆಂಗಸರೆಲ್ಲ ಆ ಡ್ರಮ್ಮನ್ನು ನೋಡಿದರು. ಆಮೇಲೆ ಹದಿನೇಳನ್ನು ನೋಡಿದರು. ಪಕ್ಕಪಕ್ಕದಲ್ಲಿದ್ದವು, ಅವಳಿ ಮಕ್ಕಳ ಹಾಗೆ.

"ಇದೇನು ಎಲ್ರೂ ಹೀಗೆ ನೋಡ್ತೀರಿ?" ಅಂದರು ವಕೀಲರು.

ಮಿರ್ಲಾಂದ್ ಇವ್ರೋಜಳ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು. "ಅಕ್ಕ, ಇನ್ನು ಹುಡುಕೋದು ದಂಡ. ಐಸ್ ಕರಗಿ ಆ ಇಂಜೆಕ್ಷನ್ ಎಲ್ಲಾ ಹಾಳಾಗಿರುತ್ತೆ. ಕದ್ದವನಿಗೆ ಏನ್ ಗೊತ್ತು, ಬಿಸಿಲಲ್ಲಿ ಬಿಸಾಕಿರ್ತಾನೆ. ದಡ್ಡ ನನ್ಮಗ."

"ಹಾಳಾಗಿಲ್ಲ," ಅಂದರು ವಕೀಲರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಹಳೇ ಮಾತು. ದಡ್ಡ ಅಂದರೆ ಸಾಕು, ಬಾಯೂ ಬಿಡುತ್ತಾನೆ.

"ನಿಮಗೆ ಹೇಗೆ ಗೊತ್ತು?" ಮಿರ್ಲಾಂದ್ ಮೆತ್ತಗೆ ಕೇಳಿದಳು.

ವಕೀಲರು ಮಡಚಿದ್ದ ಅಂಗಿ ತೋಳನ್ನು ಕೆಳಗಿಳಿಸಿ ಗುಂಡಿ ಹಾಕತೊಡಗಿದರು.

"ನಾನೇ ಹೇಳ್ತೀನಿ," ಅಂದಳು ಅವಳು. "ನಿನ್ನೆ ವಿಲ್ನೇರ್ ಬೀಗ ಹಾಕ್ಕೊಂಡು ಹೋದ್ಮೇಲೆ ನೀವು ಬಂದ್ರಿ. ಔಷಧಿ ತಗೊಂಡ್ರಿ. ಡ್ರಮ್ ಹಗುರ ಆದ್ರೆ ಗೊತ್ತಾಗುತ್ತಲ್ಲ, ಅದಕ್ಕೆ ಅಕ್ಕಿ, ಸೋಪು, ಬೂಟು ತುಂಬಿದ್ರಿ. ಇವ್ರೋಜಕ್ಕ ಬೆಳಿಗ್ಗೆ ಐಸ್ ಬದಲಾಯಿಸ್ತಾಳೆ ಅನ್ನೋದು ನಿಮಗೆ ಹೊಳೀಲಿಲ್ಲ. ಲಾರಿ ಹೊರಟುಹೋಗಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಆದ್ರೆ ನಮ್ಮ ಜನದಲ್ಲಿ ಡ್ರಮ್ ತುಂಬಿದ ಕೈ ಯಾವುದೂ ಅಕ್ಕಿ ಪಕ್ಕ ಸೋಪು ಇಡಲ್ಲ, ಬೂಟು ಖಾಲಿ ಕಳಿಸಲ್ಲ. ವಿಲ್ನೇರ್ ಡ್ರಮ್ ನೋಡ್ದೆ, ಅವನಲ್ಲ. ಇವ್ರೋಜಕ್ಕನಂತೂ ನಿದ್ದೇಲೂ ಸರಿಯಾಗೇ ತುಂಬ್ತಾಳೆ. ಉಳಿದಿದ್ದು ಒಂದೇ ಬೀಗದ ಕೈ. ನಿಮ್ಮ ಮನೆ ಡ್ರಮ್ ಮೂವತ್ತು ವರ್ಷ ತುಂಬಿದ್ದು ಯಾರು, ವಕೀಲ್ರೇ?"

"ನನ್ನ ಹೆಂಡ್ತಿ," ಅಂದರು ಅವರು. ದನಿಯಲ್ಲಿ ತೂಕ ಇರಲಿಲ್ಲ. "ನಾನು ಮುಚ್ಚಳದ ಮೇಲೆ ಹೆಸರು ಬರೀತಿದ್ದೆ."

"ಶುಕ್ರವಾರ ಲೆ ಕಾಯ್‌ಗೆ ಕ್ಯಾಮೆರಾದವರೂ ಬರ್ತಾರಾ?"

"ಇಬ್ಬರು." ಅವರು ನೆಲ ನೋಡಿದರು. "ನಾನು ಕದೀಲಿಲ್ಲ ಕಣಮ್ಮ. ಎಲ್ಲಾ ಅಲ್ಲಿಗೇ ತಲುಪಿಸ್ತಿದ್ದೆ. ಆಸ್ಪತ್ರೆ ಡ್ರಮ್ಮಿನ ಮೇಲೆ ಯಾರ ಹೆಸರೂ ಬೇಡ ಅಂತ ಸಮಿತೀಲಿ ತೀರ್ಮಾನ ಆಯ್ತಲ್ಲ... ನಾನೇ ಕೈಯಲ್ಲಿ ಕೊಟ್ರೆ ನಾಲ್ಕು ಜನಕ್ಕೆ ಕಾಣುತ್ತೆ ಅಂದ್ಕೊಂಡೆ. ಒಂದು ವಾರ ತಡ, ಅಷ್ಟೇ ತಾನೇ."

ಇವ್ರೋಜ್ ಅವರ ಮುಂದೆ ಬಂದು ನಿಂತಳು. "ನಿಮಗೆ ಒಂದು ವಾರ. ಆ ಮಗುಗೆ ಒಂದು ಕಾಲು," ಅಂದಳು. "ಯಾವ ಫ್ರಿಜ್ಜಲ್ಲಿಟ್ಟಿದ್ದೀರಿ?"

"ನನ್ನ ಆಫೀಸಲ್ಲಿ."

ವಿಲ್ನೇರ್ ಕೈ ಚಾಚಿದ. ವಕೀಲರು ಆಫೀಸಿನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಇಪ್ಪತ್ತು ಜನ ಅದನ್ನು ನೋಡಿದರು.

*

ಒಂದೂಕಾಲಿಗೆ ಔಷಧಿ ವಾಪಸು ಬಂತು. ಇಂಜೆಕ್ಷನ್ ತಣ್ಣಗಿತ್ತು, ಪಿನ್ನು ಒಂದೂ ಕಮ್ಮಿ ಇರಲಿಲ್ಲ. ಇವ್ರೋಜ್ ಹದಿನೇಳನ್ನು ಮತ್ತೆ ತುಂಬಿದಳು. ಮೇಲೆ ವಿಲ್ನೇರ್‌ನ ಅಕ್ಕನ ಬ್ಯಾಂಡೇಜನ್ನೂ ಹೆಸರು ಬರೆದು ಇಟ್ಟಳು. ಅವನು ಕೇಳಿರಲಿಲ್ಲ. ಬೆಳಿಗ್ಗೆ ಅವನ ವ್ಯಾನು ತೆರೆದವರೇ ಆ ಪೆಟ್ಟಿಗೆ ಹೊತ್ತು ತಂದು ಕೊಟ್ಟು, ಏನು ಹೇಳಬೇಕೆಂದು ತಿಳಿಯದೆ ಅವನ ಭುಜ ತಟ್ಟಿ ಹೋದರು.

ಇಷ್ಟಾದರೂ ಮೇಲೆ ಒಂದು ಗೇಣು ಜಾಗ ಉಳಿಯಿತು. ಇವ್ರೋಜ್ ಆ ಕಪ್ಪು ಬೂಟುಗಳನ್ನೂ ಎರಡು ಪೊಟ್ಟಣ ಸ್ಪಗೆಟಿಯನ್ನೂ ವಕೀಲರ ಮಡಿಲಿಗೆ ಹಾಕಿದಳು.

"ತುಂಬಿ," ಅಂದಳು.

ಬೂಟು ಅವರದೇ. ಅವರು ಮೂಲೆಯ ಕುರ್ಚಿಯಲ್ಲಿ ಕೂತು ಸ್ಪಗೆಟಿಯನ್ನು ಪೊಟ್ಟಣದಲ್ಲೇ ಅರ್ಧಕ್ಕೆ ಮುರಿದು, ಒಂದೊಂದು ಬೂಟಿನೊಳಗೆ ಒಂದೊಂದು ತುರುಕಿದರು. ಆಮೇಲೆ ಎದ್ದು ವಿಲ್ನೇರ್ ಹತ್ತಿರ ಹೋಗಿ ಏನೋ ಹೇಳಿದರು. ವಿಲ್ನೇರ್ ಕೇಳಿಸಿಕೊಂಡ. ಡ್ರಮ್ ಲಾರಿಗೆ ಏರಿಸಲು ಹೋದ. ಅದು ಅವನ ಹಕ್ಕು.

ಲಾರಿ ಎರಡಕ್ಕೆ ಸರಿಯಾಗಿ ಹೊರಟಿತು. ಮಿರ್ಲಾಂದ್ ಮೈಕು ಸುತ್ತಿಡುವಾಗ ವಕೀಲರು ಪಕ್ಕಕ್ಕೆ ಬಂದರು.

"ರೇಡಿಯೋದಲ್ಲಿ... ನನ್ನ ಹೆಸರು ಹೇಳ್ತೀಯಾ?"

"ಇಲ್ಲ, ವಕೀಲ್ರೇ. ಸಮಿತಿ ತೀರ್ಮಾನ ಇದೆಯಲ್ಲ. ಈ ಡ್ರಮ್ಮಿನ ವಿಷಯದಲ್ಲಿ ಯಾರ ಹೆಸರೂ ಹೇಳೋ ಹಾಗಿಲ್ಲ."

ಮರುದಿನವೇ ಅವರು ಅಧ್ಯಕ್ಷಗಿರಿ ಬಿಟ್ಟರು. ಶುಕ್ರವಾರದ ವಿಮಾನವನ್ನೂ ಹತ್ತಲಿಲ್ಲ.

ಸೋಮವಾರ ಸಂಜೆ ಇವ್ರೋಜಳ ಫೋನ್ ಬಡಿದುಕೊಂಡಿತು. ತಮ್ಮನ ದನಿ ಬಳಲಿತ್ತು.

"ಪಿನ್ ಹಾಕಿದ್ವಿ ಅಕ್ಕ. ಕಾಲು ಉಳೀತು."

ಇವ್ರೋಜ್ ಅತ್ತಳು. ಅವನು ಆಮೇಲೆ ಕೇಳಿದ.

"ಔಷಧಿ ಡ್ರಮ್ಮಲ್ಲಿ ಬೂಟು ಯಾಕಿತ್ತು? ಸ್ಪಗೆಟಿ ಬೇಯಿಸ್ಕೊಂಡು ತಿಂದ್ವಿ. ಬೂಟು ಆ ಮಗು ಅಪ್ಪನಿಗೆ ಸರಿಹೋಯ್ತು. ಬರಿಗಾಲಲ್ಲಿ ಓಡಾಡ್ತಿದ್ದ ಪಾಪ. ಕೊಟ್ಟ ಪುಣ್ಯಾತ್ಮ ಯಾರು ಅಂತ ಕೇಳ್ತಿದ್ದಾನೆ. ಯಾರದು ಅಕ್ಕ?"

ಇವ್ರೋಜ್ ಕಣ್ಣೊರೆಸಿಕೊಂಡಳು.

"ಗೊತ್ತಿಲ್ಲ ಕಣೋ," ಅಂದಳು. "ಅದರ ಮೇಲೆ ಹೆಸರಿರಲಿಲ್ಲ."