ಹೆಗಲು ಕೊಟ್ಟು ತೆಗೆಯುವ ಗೇಟು

ಗ್ಯಾಸ್ ಕಟರಿನ ಜ್ವಾಲೆ ನನ್ನ ಮೂಗಿನಿಂದ ಒಂದೇ ಗೇಣು ದೂರ!

"ಇನ್ನೊಂದ್ ಹೆಜ್ಜೆ ಇಟ್ಟೆ... ಮುಖ ಸೀದುಹೋಗುತ್ತೆ!" ಎಂದ ಕಾಂಟ್ರಾಕ್ಟರು.

ಅವನ ಹಿಂದೆ, ಶೆಡ್ಡಿನ ನೆಲದ ಮೇಲೆ, ಹಳೆಯ ಗ್ರಂಥಾಲಯದ ಗೇಟು ಬಿದ್ದಿತ್ತು. ನೂರಾ ನಲವತ್ತು ವರ್ಷದ ಜೋಡಿ ಬಾಗಿಲು. ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಳ್ಳಿಯಂತೆ ಬಾಗಿಸಿದ ಕಬ್ಬಿಣ. ಒಂದೂ ವೆಲ್ಡಿಂಗ್ ಇಲ್ಲ. ಕಾನೂನಿನ ರಕ್ಷಣೆ ಬೇರೆ!

ಬಣ್ಣ ಬಳಿಯಲೆಂದು ಒಯ್ದವನು ಇವನು. ವಾಪಸ್ ತಂದು ನಿಲ್ಲಿಸಿದ್ದು ನಕಲು. ಅಸಲಿಯನ್ನು ಗುರುತು ಸಿಗದಂತೆ ತುಂಡರಿಸಿ ಯಾರದೋ ಬಂಗಲೆಗೆ ಸಾಗಿಸುವ ಪ್ಲ್ಯಾನು.

ಕಳುವಾದ ಹಳೆಯ ವಸ್ತು ಹುಡುಕುವುದು ನನ್ನ ಕಸುಬು. ಆದರೆ ಈ ಮೋಸ ಹಿಡಿದವನು ಗ್ರಂಥಾಲಯದ ಕಾವಲುಗಾರ. ಬೆಳಿಗ್ಗೆ ಏದುಸಿರು ಬಿಡುತ್ತ ನನ್ನ ಆಫೀಸಿಗೆ ಬಂದಿದ್ದ.

"ಸಾರ್, ಗೇಟು ಬದ್ಲಾಗಿದೆ!"

"ಹೆಂಗ್ ಹೇಳ್ತೀಯಾ?"

"ಬಲಗಡೆ ಬಾಗಿಲೊಂದೇ ನಾವು ತೆಗೆಯೋದು. ಅದು ತಿರುಗೋ ಕೆಳಗಿನ ಗೂಟ ಸವೆದು ಬಾಗಿಲು ಜಗ್ಗಿತ್ತು. ಹೆಗಲು ಕೊಟ್ಟು ಎತ್ಬೇಕಿತ್ತು. ಈಗ ಕಿರುಬೆರಳಲ್ಲಿ ತಳ್ಳಿದ್ರೆ ಓಡುತ್ತೆ! ಬಣ್ಣ ಬಳಿದ್ರೆ ಸವೆದ ಕಬ್ಬಿಣ ಬೆಳೆಯುತ್ತಾ ಸಾರ್?"

ಕಳ್ಳ ಹಳೆಯ ನಕ್ಷೆ ನೋಡಿ, ಕೂದಲೆಳೆಯಷ್ಟೂ ತಪ್ಪದೆ ನಕಲು ಮಾಡಿದ್ದ. ಸವೆತ ನಕ್ಷೆಯಲ್ಲಿ ಇರಲಿಲ್ಲ. ಅಲ್ಲೇ ಎಡವಿದ!

ಗೇಟು ಸಾಗಿಸಿದ ಲಾರಿ ಡ್ರೈವರನ ಕಾಲರ್ ಹಿಡಿದೆ. ಬಾಯಿ ಬಿಟ್ಟ. ಪೊಲೀಸರಿಗೆ ಫೋನ್ ಮಾಡಿ ಇಲ್ಲಿಗೆ ಓಡಿ ಬಂದೆ.

"ಬರೀ ತುಕ್ಕು ಕಣೋ!" ಕಾಂಟ್ರಾಕ್ಟರು ಹಲ್ಲು ಕಡಿದ. "ಇದಕ್ಕೆ ಸಾಯ್ತೀಯಾ?"

"ತುಕ್ಕಾದ್ರೆ ನೀನ್ಯಾಕೋ ಕದ್ದೆ?"

ಬೂಟಿನಡಿ ಕಟರಿನ ರಬ್ಬರ್ ಪೈಪು ಸಿಕ್ಕಿತು. ಬಲವಾಗಿ ತುಳಿದೆ. ಜ್ವಾಲೆ ಪುಸ್ಸೆಂದು ಆರಿತು! ಮರುಕ್ಷಣ ನನ್ನ ಮುಷ್ಟಿ... ಅವನ ದವಡೆಗೆ.

ಅವನು ಬಿದ್ದ ಮೇಲೆ ಸರಿಯಾಗಿ ನೋಡಿದೆ.

ಬಲಗಡೆ ಬಾಗಿಲು ಉಳಿದಿತ್ತು. ಎಡಗಡೆಯದು... ನಾಲ್ಕು ತುಂಡು!

ಬಗ್ಗಿ ಅವನ ಕಾಲರ್ ಹಿಡಿದೆ.

ಕಾಂಟ್ರಾಕ್ಟರನ ಜೇಬಿನಿಂದ ಒಂದು ಕಾಗದ ಇಣುಕುತ್ತಿತ್ತು. ಎಳೆದೆ. 'ಅಸಲಿ ಗೇಟು ಸುರಕ್ಷಿತವಾಗಿ ಮರಳಿದೆ.' ಕೆಳಗೆ ಹಳೆಯ ಕಟ್ಟಡಗಳ ಸಂರಕ್ಷಣಾ ಅಧಿಕಾರಿಯ ಸಹಿ. ತಾರೀಖು? ಗೇಟು ಒಯ್ದ ದಿನದ್ದೇ! ಮರಳುವ ಮೊದಲೇ ಸಹಿ!

ಹೊರಗೆ ಜೀಪು ನಿಂತಿತು. ಇನ್‌ಸ್ಪೆಕ್ಟರ್ ಇಳಿದ. ಗೇಟು ಗುರುತಿಸಲೆಂದು ಅವನು ಕರೆತಂದಿದ್ದು ಅದೇ ಅಧಿಕಾರಿಯನ್ನು.

ಅಧಿಕಾರಿ ತುಂಡುಗಳನ್ನು ನೋಡಿ ಹಲ್ಲು ಕಿರಿದ. "ಹೋಗ್ಲಿ ಬಿಡಿ... ಒಂದಾದ್ರೂ ಉಳೀತಲ್ಲ. ಒಂದು ಸಾಕು."

ನಾನು ಕಾಗದವನ್ನು ಇನ್‌ಸ್ಪೆಕ್ಟರ್ ಕೈಗಿಟ್ಟೆ. ಓದಿದ. ಬೇಡಿ ತೆಗೆದು ಅಧಿಕಾರಿಯ ಒಂದು ಕೈಗೆ ಹಾಕಿದ.

"ಇನ್ನೊಂದಕ್ಕೂ ಹಾಕಿ" ಎಂದೆ. "ಒಂದು ಸಾಕು ಅನ್ನೋರು ಅವರು... ನಾನಲ್ಲ!"