ಮುಚ್ಚಳ ತೆಗೆದ ಕಂಪ್ಯೂಟರ್

ನಾನು ಕಂಪ್ಯೂಟರ್ ರಿಪೇರಿಯವನು, ದೆವ್ವ ಗಿವ್ವ ಅಂದರೆ ನಗುತ್ತಿದ್ದವನು. ಆವತ್ತು ಮಟಮಟ ಮಧ್ಯಾಹ್ನ ಟೈಲರಮ್ಮನ ಮನೆಯಲ್ಲಿ, ತೀರಿಹೋದ ಅವರ ಮಗಳ ಹಳೇ ಕಂಪ್ಯೂಟರಿನ ಮುಂದೆ ಕೂತಿದ್ದೆ.

"ಮೂರು ವರ್ಷದಿಂದ ಆನೇ ಆಗಿಲ್ಲಪ್ಪ. ಅವಳು ಬರೆದದ್ದೆಲ್ಲ ಅದರಲ್ಲೇ ಇದೆ. ಒಂದ್ಸಲ ಓದಿಬಿಟ್ರೆ ಸಾಕು," ಎಂದರು.

ಮುಚ್ಚಳ ತೆಗೆದೆ. ಒಳಗೆ ಚೂರೂ ಧೂಳಿರಲಿಲ್ಲ. ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಬರೆದದ್ದು ಹಾಳಾಗದಿರಲೆಂದು ಹಾರ್ಡ್ ಡಿಸ್ಕನ್ನು ಮೊದಲು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ನನ್ನ ರೂಢಿ. ಹಾಗೇ ಮಾಡಿದೆ. ಆಮೇಲೆ ರ‍್ಯಾಮ್ ಕಿತ್ತು ಅದರ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಅಷ್ಟರಲ್ಲಿ ಪೆಟ್ಟಿಗೆಯ ಒಳಗೆಲ್ಲ ಐಸಿನಂತೆ ತಣ್ಣಗಾಗಿತ್ತು.

ರ‍್ಯಾಮ್ ಇಲ್ಲದೆ ಕಂಪ್ಯೂಟರ್ ಆನ್ ಆಗುವುದಿಲ್ಲ; ಅದು ಇನ್ನೂ ನನ್ನ ಕೈಯಲ್ಲೇ ಇತ್ತು. ವೈರು ಪ್ಲಗ್ಗಿನಲ್ಲಿರಲಿಲ್ಲ. ಫ್ಯಾನ್ ತಿರುಗಿತು. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: "ಅಮ್ಮಾ, ಚಳಿ."

ಟೈಲರಮ್ಮ ಕಿರುಚಲಿಲ್ಲ. ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟರು. "ಮುಚ್ಚಿಬಿಡಪ್ಪ. ತೆಗೆಸಿದ್ದೇ ನನ್ನ ತಪ್ಪು."

ರ‍್ಯಾಮನ್ನು ಹೇಗೋ ಒಳಗೆ ಸಿಕ್ಕಿಸಿ, ಸ್ಕ್ರೂ ಬಿಗಿದು ಓಡಿಬಂದೆ. ಡಿಸ್ಕ್ ಜೇಬಿನಲ್ಲೇ ಉಳಿದದ್ದು, ಅಂಗಡಿಯಲ್ಲಿ ಎದೆಗೆ ಶಾಖ ತಾಗಿದಾಗ ಗೊತ್ತಾಯಿತು.

ಮತ್ತೆ ನಾಲ್ಕು ಸಲ ಹೋದೆ. "ಡಿಸ್ಕ್ ನನ್ನ ಹತ್ರ ಉಳಿದುಬಿಟ್ಟಿದೆ, ಹಾಕಿಕೊಡ್ತೀನಮ್ಮಾ," ಎಂದು ಅಂಗಲಾಚಿದರೂ ಬಾಗಿಲು ತೆಗೆಯಲಿಲ್ಲ. "ಇನ್ನು ಬಿಚ್ಚಿಸಲ್ಲಪ್ಪ. ಮೂರು ಕಂಬಳಿ ಹೊದಿಸಿದೀನಿ, ಆದ್ರೂ ಚಳಿ ಅಂತಾಳೆ," ಎಂದು ಒಳಗಿನಿಂದಲೇ ಅತ್ತರು.

ಡಿಸ್ಕ್ ನನ್ನ ಮೇಜಿನ ಮೇಲಿದೆ. ಇವತ್ತಿಗೂ ಬೆಚ್ಚಗಿದೆ.