ಬಿಳಿಯ ಮೇಲಿನ ಬಿಳಿ ಸಾಲು

ಇಂಟರ್‌ನೆಟ್ಟಿನಲ್ಲಿ ಹುಡುಕಿದವರಿಗೆ ನಮ್ಮ ಗಿರಾಕಿಗಳ ಪುಟವೇ ಮೊದಲು ಸಿಗಲೆಂದು, ವೆಬ್‌ಸೈಟ್ ಮಾಡಿಕೊಡುತ್ತಿದ್ದ ನಾವು ಆಗೆಲ್ಲ ಒಂದು ಕಳ್ಳದಾರಿ ಹಿಡಿಯುತ್ತಿದ್ದೆವು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ತುಂಬುವುದು. ಸರ್ಚ್ ಎಂಜಿನ್ ಓದುತ್ತದೆ, ಮನುಷ್ಯರಿಗೆ ಕಾಣುವುದಿಲ್ಲ.

ಅದು 2004ರ ಬೇಸಿಗೆ. ಮಧ್ಯಾಹ್ನ ಚಳ್ಳಕೆರೆಯ ಮಹಡಿ ಮೇಲಿನ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಮೊಳಕಾಲ್ಮೂರಿನ ಅಂಗಡಿಯ ದಾಸಣ್ಣ ಫೋಟೊ ತೆಗೆಯಲು ಕೊಟ್ಟಿದ್ದ ರೇಷ್ಮೆ ಸೀರೆ, ಮಡಿಕೆ ಬಿಚ್ಚದೆ ಹಿಂದಿನ ಬೆಂಚಿನ ಮೇಲಿತ್ತು. ಮೌಸ್ ಒತ್ತಿ ಎಳೆದರೆ ಬಿಳಿ ಅಕ್ಷರಗಳು ಕಾಣುತ್ತವೆ; ತುಂಬಿದ್ದನ್ನು ಪರೀಕ್ಷಿಸಲು ಅವನ ಅಂಗಡಿಯ ಪುಟದ ಮೇಲೆ ಎಳೆದೆ. ನನ್ನ ಇಂಗ್ಲಿಷ್ ಪದಗಳ ನಡುವೆ ಕನ್ನಡದ ಸಾಲೊಂದು ಎದ್ದಿತು: ‘ಒಂದ್ಸಲ ನಂಗೂ ಉಡ್ಸವ್ವ.’

ಆ ಕಂಪ್ಯೂಟರಿನಲ್ಲಿ ಕನ್ನಡವೇ ಇರಲಿಲ್ಲ.

ಅಳಿಸಿದೆ. ಮತ್ತೆ ಎಳೆದರೆ ಅದೇ ಸಾಲು. ಆ ಸೆಕೆಯಲ್ಲೂ ಮೌಸ್ ಹಿಡಿದ ಕೈ ಕೊರೆಯತೊಡಗಿತು. ಬೆನ್ನ ಹಿಂದೆ ಹಸಿ ಅರಿಸಿನದ ವಾಸನೆ, ಹೊಸ ರೇಷ್ಮೆಯ ಸರಸರ ಸದ್ದು. ತಿರುಗಲು ಧೈರ್ಯವಾಗಲಿಲ್ಲ.

“ಉಟ್ಕೊಂಡು ಹೋಗವ್ವ,” ಎಂದುಬಿಟ್ಟೆ. ಸದ್ದು ನಿಂತಿತು. ನಾನು ಕೆಳಗೋಡಿದೆ.

ಸಂಜೆ ಸೀರೆ ಒಯ್ಯಲು ಬಂದ ದಾಸಣ್ಣನ ಜೊತೆಯೇ ಮೇಲೆ ಬಂದೆ. ಸೀರೆ ನೆಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

“ಏನಮ್ಮ, ಮಾರೋ ಸೀರೆ ಉಟ್ಟಿದ್ದೀಯಲ್ಲ! ನೆರಿಗೆ ಇನ್ನೂ ಹಂಗೇ ಐತೆ,” ಎಂದು ಗದರಿದ.

ಬಗ್ಗಿ ಸೀರೆ ಎತ್ತಿಕೊಂಡೆ. ಸೊಂಟಕ್ಕೆ ಸುತ್ತಿದ್ದ ಕಡೆ ಬಟ್ಟೆ ಇನ್ನೂ ಬೆಚ್ಚಗಿತ್ತು.